ಕೋಬೆಯಲ್ಲಿ ಪಂಕ್ತಿ ಹಿಡಿದು ಕೂತದ್ದು

ಜಪಾನಿಗೆ ಹೋಗಿ ಬಂದೆನೆಂಬ ಸುದ್ದಿ ಹಬ್ಬಿದ ಮೇಲೆ ಕೊಪ್ಪಳದ ಬಜಾರಿನಲ್ಲಿ ನನಗೆ ನೆಟ್ಟಗೆ ನಾಲ್ಕು ಹೆಜ್ಜೆ ನಡೆಯಲಿಕ್ಕೆ ಆಗವಲ್ದು. ಪಾನಂಗಡಿಯವ ಕೇಳುತ್ತಾನೆ, ಕ್ಷೌರದವ ಕೇಳುತ್ತಾನೆ, ಕಚೇರಿಯ ಮುನ್ಷಿ ಸಾಹೇಬರೂ ಕೊಡೆ ಮಡಚಿ ನಿಂತು ಕೇಳುತ್ತಾರೆ. "ಅಲ್ಲಿ ಮನಿ ಗ್ವಾಡಿ ಎಲ್ಲಾ ಕಾಗದದ್ದಂತಲ್ಲ, ಖರೇ ಏನೋ?" ಖರೆ. "ಮಂದಿ ಎಲ್ಲಾ ಗಿಡ್ಡಂತ?" ಹಾಗೇನಿಲ್ಲ, ನನಗಿಂತ ಎತ್ತರದವರೂ ಇದ್ದಾರೆ. ಕೇಳಿದವರಿಗೆಲ್ಲ ಹೇಳಿ ಹೇಳಿ ಗಂಟಲು ಹರಿಯಿತು. ಬರೆದುಬಿಡೋ ಮಾರಾಯಾ, ಎಲ್ಲರೂ ಕೂಡಿ ಒಮ್ಮೆಗೇ ಓದಿಕೊಳ್ಳಲಿ ಎಂದು ಗೆಳೆಯರು ಗಂಟುಬಿದ್ದರು.

ಬರೆಯಲು ಕೂತರೆ ಹಡಗು ಕಣ್ಣಿಗೆ ಬರವಲ್ದು, ಹಿಮದ ಗುಡ್ಡ ಬರವಲ್ದು. ಬರುವವನು ಒಬ್ಬ ಮುದುಕ. ಕೋಬೆ ಬಂದರದ ಉಗ್ರಾಣವೊಂದರ ಬಾಗಿಲು ಕಾಯುವವನು. ನನ್ನ ದೆಸೆಯಿಂದ ಅವನು ದಿನದಿನವೂ ಮಧ್ಯಾಹ್ನದ ಉಪವಾಸ ಬಿದ್ದ. ನಾನೇನೂ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನಮ್ಮ ಹಿರಿಯರು ಕಲಿಸಿದ ಮರ್ಯಾದೆಯಂತೆ ನಡೆದೆ, ಅಷ್ಟೆ. ಮರ್ಯಾದೆಯಿಂದ ನಡೆದು ಮಾನ ಕಳಕೊಂಡ ಕಥೆ ಇದು. ನಗುವವರು ನಗಲಿ, ನನಗಂತೂ ಇನ್ನೂ ನಗೆ ಬಂದಿಲ್ಲ.

ಹಡಗು

ನಾನು ಹತ್ತಿ ಜಿನ್ನಿನ ಗುಮಾಸ್ತ. ಯಲಬುರ್ಗಿ, ಕುಷ್ಟಗಿ ಕಡೆಯ ಎರೆಹೊಲದ ಹತ್ತಿ ಬಂಡಿಗಳಲ್ಲಿ ನಮ್ಮಲ್ಲಿಗೆ ಬಂದು, ಬೀಜ ಬಿಡಿಸಿಕೊಂಡು, ಒತ್ತಿ ಬಿಗಿದ ದೊಡ್ಡ ಮೂಟೆಯ ಅಂಡಿಗೆ ಕಟ್ಟಿಸಿಕೊಂಡು ಮುಂಬಯಿಗೆ ಹೋಗುತ್ತದೆ. ಅಲ್ಲಿಂದ ಜಪಾನಿನ ಗಿರಣಿಗಳಿಗೆ. ಹೋದ ವರ್ಷ ಅಲ್ಲಿಯವರು ತಕರಾರು ತೆಗೆದರು. ನಿಮ್ಮ ಕಡೆಯ ಅಂಡಿಗೆಗಳಲ್ಲಿ ಕಳಪೆ ಹತ್ತಿ ಬೆರೆಸಿದ್ದೀರಿ ಎಂದರು. ನಮ್ಮ ಜಿನ್ನಿನ ಸಾವಕಾರರಿಗೆ ಅನ್ನ ಸೇರದಾಯಿತು.

"ಹನಮಪ್ಪಾ, ನೀನ ಹೋಗು," ಅಂದರು. "ಹತ್ತಿ ಮುಟ್ಟಿದ್ರ ಯಾವ ಸೀಮಿದು ಅಂತ ಹೇಳಾವ ನೀನು. ಅವರ ಎದುರಿಗೆ ನಿಂತು ಅಂಡಿಗಿ ಬಿಚ್ಚಿಸು. ಊರ ಮಾನ ನಿನ್ನ ಕೈಯಾಗ ಐತಿ."

ಅವ್ವನಿಗೆ ಊರ ಮಾನದ ಚಿಂತೆ ಇರಲಿಲ್ಲ, ನನ್ನ ಹೊಟ್ಟೆಯ ಚಿಂತೆ. "ಎಲ್ಲೆರ ಇರು, ಒಬ್ಬನ ಕುಂತು ಉಣಬ್ಯಾಡ. ಒಬ್ಬನ ಉಂಡದ್ದು ಮೈಗೆ ಹತ್ತಂಗಿಲ್ಲ," ಅಂದಳು. ನಾನು ಹುಟ್ಟಿದಾಗಿನಿಂದ ಒಬ್ಬನೇ ಕೂತು ಉಂಡವನಲ್ಲ. ನಮ್ಮ ಮನೆಯಲ್ಲಿ ಅಪ್ಪ, ಕಾಕಾಗಳು, ಅಣ್ಣತಮ್ಮಂದಿರು, ಬಂದ ಬೀಗರು, ಸಂತೆಗೆ ಬಂದು ಹೊತ್ತಾದವರು, ಎಲ್ಲರೂ ಪಡಸಾಲೆಯಲ್ಲಿ ಪಂಕ್ತಿಗೆ ಕೂಡುವವರು. ಎಲ್ಲರ ಗಂಗಾಳಕ್ಕೂ ಬೀಳುವ ತನಕ ಯಾರೂ ಕೈ ಹಚ್ಚಬಾರದು. ಎಲ್ಲರದೂ ಮುಗಿಯುವ ತನಕ ಯಾರೂ ಏಳಬಾರದು. ಬಾಜೂದವನು ಇನ್ನೂ ಉಣ್ಣುತ್ತಿರುವಾಗ ಎದ್ದರೆ ಅವನ ಅನ್ನಕ್ಕೆ ಅಪಮಾನ ಮಾಡಿದಂತೆ. ನಮ್ಮ ಸಣ್ಣ ಕಾಕಾ ಒಮ್ಮೆ ಯಲಬುರ್ಗಿಯ ಲಗ್ನದಲ್ಲಿ ಬಂಡಿ ಹೋದೀತೆಂದು ನಡುವೆಯೇ ಎದ್ದ. ಆ ಬೀಗರು ಇವತ್ತಿಗೂ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ.

ಹಡಗಿನ ಅಟ್ಟದ ಮೇಲೆ ಮೊದಮೊದಲು ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಉಣ್ಣುತ್ತಿದ್ದರು. ಒಬ್ಬ ಪಂಜಾಬಿ, ಒಬ್ಬ ಮಾರವಾಡಿ ಅಡಿಗೆಯವ, ಸಿಂಗಾಪುರಕ್ಕೆ ಹೊರಟ ಇಬ್ಬರು ತಮಿಳರು. ನನಗೆ ಅದು ನೋಡಲಾಗಲಿಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಕೈ ಹಿಡಿದು ಎಳೆತಂದು ಸಾಲಾಗಿ ಕೂಡಿಸಿದೆ. ಕೊಲಂಬೊ ದಾಟುವಷ್ಟರಲ್ಲಿ ಅವರೂ ಪಂಕ್ತಿಯ ಶಿಸ್ತು ಕಲಿತರು. ಆಗ ನನಗೆ ಭಾಳ ಅಭಿಮಾನ ಅನಿಸಿತ್ತು. ಜಗತ್ತಿಗೆ ಉಣ್ಣುವುದನ್ನು ಕಲಿಸಲು ಹೊರಟವನಂತೆ ಕೋಬೆಯಲ್ಲಿ ಇಳಿದೆ.

ಬಂದರು

ಇಳಿದ ಕೂಡಲೆ ಚಳಿ ಎಂದರೇನು ಎಂದು ತಿಳಿಯಿತು. ನಮ್ಮ ಕಡೆ ಧನುರ್ಮಾಸದ ಬೆಳಗಿನಲ್ಲಿ ಕಂಬಳಿ ಹೊದ್ದು ಬೆಂಕಿ ಕಾಯಿಸಿಕೊಳ್ಳುತ್ತೇವಲ್ಲ, ಅದು ಅಲ್ಲಿಯವರಿಗೆ ಬೇಸಿಗೆ ಅನಿಸೀತು. ಹಲ್ಲು ಕಟಕಟ ಅನ್ನುತ್ತಿರುವಾಗ ಜನರ ನಡುವಿನಿಂದ ಒಂದು ದನಿ ಬಂತು.

"ಕೊಪ್ಪಳದಾವ ನೀನ ಏನೋ ತಮ್ಮಾ? ಬಾ, ನಂದು ಗಂಗಾವತಿ."

ಹುಸೇನಸಾಬರು. ಮುಂಬಯಿಯ ಹತ್ತಿ ವ್ಯಾಪಾರಿಯ ಕಡೆಯಿಂದ ಅಲ್ಲಿ ಉಗ್ರಾಣ ನೋಡಿಕೊಳ್ಳುವವರು. ಗಡ್ಡ ಬೆಳ್ಳಗಾಗಿತ್ತು. ಜಪಾನಿ ಮಾತು ನೀರು ಕುಡಿದಂತೆ ಆಡುತ್ತಿದ್ದರು. ಆ ಮಂದಿಯ ನಡುವೆ ಗಂಗಾವತಿಯ ಕನ್ನಡ ಕಿವಿಗೆ ಬಿದ್ದಾಗ ನನ್ನ ಕಣ್ಣು ತುಂಬಿ ಬಂದವು. ಅವತ್ತಿನಿಂದ ಅವರನ್ನು ಕಾಕಾ ಅಂದೆ.

ಬೆಳಗಿನದೂ ರಾತ್ರಿಯದೂ ಗುಜರಾತಿ ಖಾನಾವಳಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಚಾಪೆ ಇತ್ತು, ಸಾಲು ಇತ್ತು, ಜಗಳವೂ ಇತ್ತು, ಊರಿನ ಹಾಗೇ ಅನಿಸುತ್ತಿತ್ತು. ಮಧ್ಯಾಹ್ನದ್ದೇ ತೊಡಕು. ಅಂಡಿಗೆ ಬಿಚ್ಚುವ ಉಗ್ರಾಣ ದೂರ, ಖಾನಾವಳಿಗೆ ಹೋಗಿ ಬರಲು ಆಗದು. ಕಾಕಾಗೆ ಆಗ ರಂಜಾನಿನ ರೋಜಾ. ಹಗಲೆಲ್ಲ ಗುಟುಕು ನೀರೂ ಇಲ್ಲ.

"ನನ್ನ ಉಪವಾಸಕ್ಕ ನೀ ಯಾಕ ಸಾಯ್ತಿ?" ಎಂದು ಅವರೇ ಉಗ್ರಾಣದ ಹಿಂದಿನ ಓಣಿಗೆ ಕರೆದುಕೊಂಡು ಹೋದರು. "ಇಲ್ಲೊಬ್ಬಾಕಿ ಚೀನೀ ಶಾವಿಗಿ ಮಾಡ್ತಾಳ. ಹಂದಿ ಬ್ಯಾಡ, ಕೋಳಿ ಸಾರಷ್ಟ ಹಾಕು ಅಂತ ಹೇಳೀನಿ. ಹೊಟ್ಟಿ ತುಂಬ ಉಣ್ಣು." ಇಷ್ಟು ಹೇಳಿ, ಸಾರಿನ ವಾಸನೆ ತಾಗದಂತೆ ಮೂಗಿಗೆ ಉತ್ತರೀಯ ಒತ್ತಿಕೊಂಡು ಹೊರಟುಹೋದರು. ಅವರು ಅವತ್ತು ಒಂದು ಗಳಿಗೆ ನಿಂತಿದ್ದರೆ ಈ ಕಥೆ ನಡೆಯುತ್ತಿರಲಿಲ್ಲ.

ಮೊದಲ ಮಧ್ಯಾಹ್ನ

ಅಂಗಡಿ ಅಂದರೆ ನಮ್ಮ ಕೊಟ್ಟಿಗೆಯಲ್ಲಿ ಎತ್ತಿಗೆ ಮೇವು ಹಾಕುವ ಗ್ವಾದಲಿಯಷ್ಟು ಉದ್ದ, ಅದಕ್ಕಿಂತ ಸ್ವಲ್ಪ ಅಗಲ. ಗೋಡೆಗೆ ಒಂದು ಹಲಗೆ ಬಡಿದಿದ್ದಾರೆ. ಹಲಗೆಯ ಮುಂದೆ ನಾಲ್ಕೈದು ಮೋಟು ಸ್ಟೂಲು. ಕೂತವನ ಮುಖ ಗೋಡೆಗೆ, ಬೆನ್ನು ಓಣಿಗೆ. ಬಾಗಿಲಿಗೆ ಕದವಿಲ್ಲ, ಮೊಳಕಾಲಿನ ತನಕ ಇಳಿಬಿದ್ದ ಒಂದು ನೀಲಿ ಅರಿವೆಯ ಪರದೆ. ಇಬ್ಬರು ಎದುರುಬದುರು ಕೂತು ಉಣ್ಣಲು ಅಲ್ಲಿ ಜಾಗವೇ ಇಲ್ಲ. ಒಬ್ಬೊಬ್ಬರೇ ಬರುವ ಮಂದಿಗೆಂದೇ ಕಟ್ಟಿದ ಅಂಗಡಿ ಅದು. ಮೂಲೆಯಲ್ಲಿ ದೊಡ್ಡ ಹಂಡೆ ಕುದಿಯುತ್ತಿತ್ತು, ಅದರ ಹಿಂದೆ ತಲೆಗೆ ಬಿಳಿ ಅರಿವೆ ಕಟ್ಟಿದ ಹೆಂಗಸು.

ಶಾವಿಗೆ ಅಂದರೆ ನನ್ನ ಬಾಯಲ್ಲಿ ನೀರೂರಿತ್ತು. ಬೇಸಿಗೆಯಲ್ಲಿ ಅವ್ವ, ಅತ್ತಿಗೆ ಮಣೆಯ ಮೇಲೆ ಕೂತು ಹೊಸೆದು, ಕೋಲಿಗೆ ಹಾಕಿ ಒಣಗಿಸಿದ ಶಾವಿಗೆ. ಬಿಸಿ ಹಾಲು, ಬೆಲ್ಲ, ಮೇಲೊಂದು ಚಮಚೆ ತುಪ್ಪ. ಆಕೆ ಎರಡೂ ಕೈಯಿಂದ ಬಟ್ಟಲು ತಂದಿಟ್ಟಳು. ನೋಡಿದರೆ ಕಂದು ಬಣ್ಣದ ನೀರು, ಮೇಲೆ ಎಣ್ಣೆಯ ಕಣ್ಣು, ಉಳ್ಳಾಗಡ್ಡಿಯ ತಪ್ಪಲು. ಶಾವಿಗೆ ಕೆಳಗೆ ಎಲ್ಲೋ ಮಲಗಿತ್ತು.

ನಾನು ಕೈ ಹಚ್ಚಲಿಲ್ಲ. ಬಾಜೂದವನಿಗೆ ಇನ್ನೂ ಬಡಿಸಿರಲಿಲ್ಲವಲ್ಲ. ಕೈಕಟ್ಟಿ ಗೋಡೆ ನೋಡುತ್ತಾ ಕೂತೆ. ಅವನಿಗೆ ಬಟ್ಟಲು ಬಂತು. ಅವನು ನನ್ನ ಕಡೆ ತಿರುಗಿಯೂ ನೋಡದೆ ಸೊರ್ ಸೊರ್ ಎಂದು ಎಳೆಯಲಿಕ್ಕೇ ಹತ್ತಿದ. ನಮ್ಮಲ್ಲಿ ಅಂಬಲಿ ಕುಡಿಯುವಾಗ ಬರುತ್ತದಲ್ಲ, ಅದೇ ಸಪ್ಪಳ. ಅದೊಂದು ಕೇಳಿ ಜೀವಕ್ಕೆ ಹಿತವಾಯಿತು. ನಾನೂ ಶುರು ಮಾಡಿದೆ. ಕಡ್ಡಿಗಳು ನನ್ನ ಕೈಯಲ್ಲಿ ನಿಲ್ಲಲಿಲ್ಲ, ಶಾವಿಗೆ ಹಾವಿನ ಮರಿಯಂತೆ ಜಾರಿ ಜಾರಿ ಬಟ್ಟಲಿಗೇ ಬೀಳುತ್ತಿತ್ತು. ಆಕೆ ಒಂದು ಪಿಂಗಾಣಿ ಚಮಚೆ ತಂದುಕೊಟ್ಟಳು. ಉಪ್ಪುಪ್ಪಾಗಿ, ಬಿಸಿಬಿಸಿಯಾಗಿ ಅದು ಒಳಗಿಳಿದಾಗ ಬೆಲ್ಲ ಹಾಲು ಮರೆತೇ ಹೋಯಿತು. ಕಾಲಿನ ಬೆರಳಿನ ತನಕ ಬೆಚ್ಚಗಾಯಿತು.

ಉಂಡು ಮುಗಿಸಿದೆ. ಏಳಬೇಕು ಅನ್ನುವಾಗ ಎಡಗಡೆಯವನ ಬಟ್ಟಲಲ್ಲಿ ಇನ್ನೂ ಇತ್ತು. ಸರಿ, ಅವನದು ಆಗಲಿ. ಅವನು ಗಬಗಬ ಮುಗಿಸಿ, ಬಟ್ಟಲು ಸರಿಸಿ, ನನಗೊಂದು ಮಾತೂ ಹೇಳದೆ ಎದ್ದುಹೋದ. ಎಂಥಾ ಮನುಷ್ಯ ಅನಿಸಿತು. ಅಷ್ಟರಲ್ಲಿ ಬಲಗಡೆ ಹೊಸಬ ಬಂದು ಕೂತಿದ್ದ, ಅವನು ಅರ್ಧ ಬಟ್ಟಲು ಮುಗಿಸಿದ್ದ. ಅವನದು ಮುಗಿಯುವಷ್ಟರಲ್ಲಿ ಎಡಗಡೆ ಇನ್ನೊಬ್ಬ. ಒಬ್ಬರೂ ಪಂಕ್ತಿ ಕಾಯವಲ್ಲರು. ಇವರಿಗೆ ಗೊತ್ತಿಲ್ಲದಿದ್ದರೆ ನನಗೂ ಗೊತ್ತಿಲ್ಲವೇ? ನಾನು ಕೈ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಅರೆ ಮುಚ್ಚಿ, ಕೊನೆಯವನ ಊಟ ಮುಗಿಯುವುದನ್ನು ಕಾಯುತ್ತಾ ಕೂತೆ.

ಗಿರಣಿಯ ಭೋಂಗಾ ಕೂಗಿತು. ಕೂಲಿಯವರ ವಿರಾಮ ಮುಗಿಯಿತೆಂದು ಅದರ ಅರ್ಥ. ಅಂಗಡಿ ಒಮ್ಮೆಗೇ ಬರಿದಾಯಿತು. ಆಗ ನಾನು ಸಮಾಧಾನದಿಂದ ಎದ್ದೆ. ಪರದೆಯ ಕೆಳಗೆ ಓಣಿಯಲ್ಲಿ ಎರಡು ಕಾಲು ಕಂಡವು. ಹೆಬ್ಬೆರಳಿಗೆ ಬೇರೆ ಮನೆ ಇರುವ ಅರಿವೆಯ ಜೋಡು, ಒಂದಕ್ಕೆ ನೀಲಿ ತೇಪೆ. ನಾನು ಹೊರಬರುವಷ್ಟರಲ್ಲಿ ಆ ಕಾಲುಗಳು ತಿರುಗಿ ಹೋಗಿದ್ದವು.

ಮರುದಿನ, ಅದರ ಮರುದಿನ

ದಿನಾ ಹೋದೆ. ದಿನಾ ಅದೇ ಸ್ಟೂಲಿನಲ್ಲಿ ಕೂತೆ. ಆ ಹೆಂಗಸು ನನ್ನನ್ನು ನೋಡಿದ ಕೂಡಲೆ ನಡು ಬಗ್ಗಿಸಿ ನಮಸ್ಕಾರ ಮಾಡುವಳು. ಉಂಡಾದ ಮೇಲೆ ಬಟ್ಟಲು ತೆಗೆಯುವಳು, ನನ್ನ ಮುಂದಿನ ಹಲಗೆ ಒರೆಸುವಳು. ಸ್ವಲ್ಪ ಹೊತ್ತಿಗೆ ಮತ್ತೆ ಒರೆಸುವಳು. ಎಷ್ಟು ಚೊಕ್ಕಟ ಹೆಣ್ಣುಮಗಳು ಎಂದುಕೊಂಡೆ. ಬಿಸಿ ಚಹಾದ ನೀರು ಸುರಿಯುವಳು. ನಮ್ಮ ಕಡೆ ಚಹಾ ಕೊಟ್ಟರೆ ಕೂಡ್ರು ಅಂತ ಅರ್ಥ, ನಾನು ಕೂಡ್ರುತ್ತಿದ್ದೆ. ನಾನು ಕಣ್ಣು ಅರೆ ಮುಚ್ಚಿದಾಗ ಆಜೂಬಾಜೂದವರು ಸೊರ್ ಸೊರ್ ಅನ್ನುವುದನ್ನೂ ಕಮ್ಮಿ ಮಾಡುತ್ತಿದ್ದರು. ಪರವಾಗಿಲ್ಲ, ನನ್ನನ್ನು ನೋಡಿ ಇವರಿಗೂ ಊಟದ ಗಾಂಭೀರ್ಯ ಬಂತು ಎಂದು ಒಳಗೊಳಗೇ ಹಿಗ್ಗಿದೆ.

ಓರೆಗಣ್ಣಿನಿಂದ ಹಿಂದೆ ನೋಡಿದರೆ ಪರದೆಯ ಕೆಳಗೆ ಆ ಕಾಲುಗಳೂ ದಿನಾ ಇರುತ್ತಿದ್ದವು. ಎಲ್ಲರಿಗಿಂತ ಕಡೆಗೆ ಬರುತ್ತಿದ್ದವು. ಚಳಿಗೆ ಒಂದರ ಮೇಲೊಂದು ಉಜ್ಜಿಕೊಳ್ಳುತ್ತಿದ್ದವು. ಭೋಂಗಾ ಕೂಗಿದ ಮೇಲೆ ಹೋಗುತ್ತಿದ್ದವು. ಭಿಕ್ಷುಕನಿರಬೇಕು, ಉಳಿದ ಸಾರು ಕೇಳಲು ನಿಲ್ಲುತ್ತಾನೆ ಎಂದುಕೊಂಡೆ. ಒಂದು ದಿನವಾದರೂ ಪರದೆ ಎತ್ತಿ ಯಾರೆಂದು ನೋಡಲಿಲ್ಲ.

ಇತ್ತ ಉಗ್ರಾಣದ ಕೆಲಸ ಛಲೋ ನಡೆದಿತ್ತು. ಒಂದೊಂದೇ ಅಂಡಿಗೆ ಬಿಚ್ಚಿಸಿ, ಎಳೆ ಎಳೆದು ತೋರಿಸಿದೆ. ಬೆರಕೆ ಆದದ್ದು ನಮ್ಮ ಕಡೆ ಅಲ್ಲವೆಂದು ಗಿರಣಿಯವರು ಒಪ್ಪಿದರು. ಬಾಜೂ ಉಗ್ರಾಣದ ಗೇಟಿನಲ್ಲಿ ಒಬ್ಬ ಮುದುಕ ಕಾವಲುಗಾರ ಇದ್ದ. ಸೊಂಟದೆತ್ತರದ ಹಲಗೆಯ ಹಿಂದೆ ನಿಂತು, ನಾನು ಹಾಯುವಾಗಲೆಲ್ಲ ಟೊಪ್ಪಿಗೆ ತೆಗೆದು ತಲೆ ಬಾಗಿಸುವನು. ಸೊರಗಿದ ಮುಖ, ಸೌಮ್ಯ ಕಣ್ಣು. ನಾನೂ ಕೈಮುಗಿಯುತ್ತಿದ್ದೆ. ಗೇಟಿನಲ್ಲಿ ಅವನ ಮುಖ ನೋಡಿದೆ, ಕಾಲು ನೋಡಲಿಲ್ಲ. ಅಂಗಡಿಯಲ್ಲಿ ಕಾಲು ನೋಡಿದೆ, ಮುಖ ನೋಡಲಿಲ್ಲ.

ಕಾಕಾ ಬಂದ ದಿನ

ಒಂದು ಮಧ್ಯಾಹ್ನ ಗಿರಣಿಯ ಸಾಹೇಬರು ಹೊತ್ತಿಗಿಂತ ಮೊದಲೇ ಬಂದರೆಂದು ಹುಸೇನಕಾಕಾ ನನ್ನನ್ನು ಹುಡುಕಿಕೊಂಡು ಅಂಗಡಿಗೇ ಬಂದರು. ಪರದೆ ಸರಿಸಿ ತಲೆ ಒಳಗೆ ಹಾಕಿದರು.

"ತಮ್ಮಾ, ಉಂಡಿ ಹೌದಿಲ್ಲೊ?"

"ಉಂಡೆ ಕಾಕಾ. ಭಾಳ ಹೊತ್ತಾತು."

"ಮತ್ತ್ಯಾಕ ಕುಂತಿ?"

"ಈ ಬಾಜೂದಾವ ಇನ್ನೂ ಉಣ್ಣಾಕ ಹತ್ಯಾನ. ಅಂವನ್ನ ಬಿಟ್ಟು ಹೆಂಗ ಏಳ್ಲಿ?"

ಕಾಕಾ ನನ್ನನ್ನೂ ಬಾಜೂದವನನ್ನೂ ನೋಡಿದರು. "ಅಂವ ನಿನಗೇನಾಗ್ಬೇಕು?"

"ಏನಾಗ್ಬೇಕು? ಪಂಕ್ತಿಗೆ ಕುಂತಾನ."

"ಅಂವ ಎದ್ದ್ರ ಇನ್ನೊಬ್ಬ ಬರ್ತಾನ. ಅಂವ ಎದ್ದ್ರ ಮತ್ತೊಬ್ಬ. ಈ ಪಂಕ್ತಿ ಮುಗಿಯೂದು ಯಾವಾಗ?"

"ಅದನ್ನ ನಾನೂ ನೋಡಾಕ ಹತ್ತೀನಿ ಕಾಕಾ. ಮುಗೀವಲ್ದು."

ಕಾಕಾ ನಗಲಿಲ್ಲ. ಆ ಹೆಂಗಸಿನ ಕಡೆ ತಿರುಗಿ ಏನೋ ಕೇಳಿದರು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು, ನಾಚಿಕೊಂಡು, ತಡೆತಡೆದು ಹೇಳಿದಳು. ಕೇಳುತ್ತಾ ಕೇಳುತ್ತಾ ಕಾಕಾನ ಮುಖ ಇಳಿಯಿತು. ನನ್ನ ರಟ್ಟೆ ಹಿಡಿದು ಎಬ್ಬಿಸಿ ಓಣಿಗೆ ಕರೆತಂದರು. ಅಲ್ಲಿ, ಪರದೆಯ ಹೊರಗೆ, ಆ ಗೇಟಿನ ಮುದುಕ ನಿಂತಿದ್ದ. ನನ್ನನ್ನು ಕಂಡು ಟೊಪ್ಪಿಗೆ ತೆಗೆದ. ನಾನು ಅವನ ಕಾಲು ನೋಡಿದೆ. ನೀಲಿ ತೇಪೆ ಇತ್ತು.

ಅದೇ ಹೊತ್ತಿಗೆ ಭೋಂಗಾ ಕೂಗಿತು. ಮುದುಕ ಇಬ್ಬರಿಗೂ ತಲೆ ಬಾಗಿಸಿ, ಗೇಟಿನ ಕಡೆ ಬಿರಬಿರನೆ ನಡೆದ.

"ಅಂವಗ ಗೇಟು ಬಿಟ್ಟು ಬರಾಕ ಕಡೀ ಪಾಳಿ," ಅಂದರು ಕಾಕಾ. "ಉಳಿದವರು ಉಂಡು ಬಂದು ನಿಂತ ಮ್ಯಾಲೆ ಇಂವ ಬರಬೇಕು. ಭೋಂಗಾ ಕೂಗೂದ್ರಾಗ ತಿರುಗಿ ಹೋಗಬೇಕು. ಅಷ್ಟರಾಗ ಒಂದು ಸ್ಟೂಲು ಖಾಲಿ ಆದ್ರ ಉಣ್ತಾನ, ಇಲ್ಲಂದ್ರ ಇಲ್ಲ. ಉಳಿದ ಸ್ಟೂಲು ಅಂವಗಿಂತ ಮೊದಲ ಬಂದವರವು, ಕಡೀಗೆ ಉಳಿಯೂ ಆ ಒಂದು ಸ್ಟೂಲಿನ ಮ್ಯಾಲೆ ನೀ ಕುಂತಿ."

ನಾನು ಗೇಟಿನ ಕಡೆ ನೋಡಿದೆ. ಕಾಕಾ ಮುಂದುವರಿಸಿದರು.

"ಮನಿಯಾಗ ಹೆಂಡ್ತಿ ಇಲ್ಲ. ಕತ್ತಲಿದ್ದಾಗ ಬರ್ತಾನ, ಕತ್ತಲಾದ ಮ್ಯಾಲೆ ಹೋಗ್ತಾನ. ದಿನಕ್ಕ ಬಿಸಿ ಕೂಳು ಅಂದ್ರ ಇದೊಂದ. ರೋಜಾ ನಾ ಹಿಡಿದೀನಿ ತಮ್ಮಾ. ಅಂವಗ ನೀ ಹಿಡಿಸಿದಿ."

"ಒಂದು ಮಾತು ಏಳು ಅಂದಿದ್ರ ಏಳ್ತಿದ್ದೆನಲ್ಲ ಕಾಕಾ. ಯಾಕ ಅನ್ಲಿಲ್ಲ ಆಕಿ?"

ಕಾಕಾ ಗಡ್ಡ ಸವರಿದರು. ಹೇಳಲೋ ಬಿಡಲೋ ಅನ್ನುವಂತೆ ನೋಡಿ, ಹೇಳಿಯೇ ಬಿಟ್ಟರು. "ನೀ ಕೈ ತೊಡಿ ಮ್ಯಾಲಿಟ್ಟು ಕಣ್ಣು ಮುಚ್ಚಿ ಕುಂಡರ್ತೀಯಂತಲ್ಲ. ಉಂಡ ಮ್ಯಾಲೆ ದೇವರ ಧ್ಯಾನ ಮಾಡ್ತಾನ ಅಂತ ತಿಳಿದಾರ. ಬುದ್ಧ ಹುಟ್ಟಿದ ದೇಶದಾವ ಅಂತ. ಒಂದಿನ ಆಕಿ ನಿನ್ನ ಎಬ್ಬಿಸಬೇಕಂತ ಬಂದ್ಲಂತ. ಧ್ಯಾನಕ್ಕ ಕುಂತಾವನ್ನ ಎಬ್ಬಿಸಬ್ಯಾಡ ಅಂತ ಹೊರಗಿನಿಂದ ತಡದಾವ ಯಾರು ಗೊತ್ತೇನು? ಆ ಮುದುಕ."

ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಇಂಥ ಮಾತು ಎಷ್ಟೋ ಸಲ ಆಡಿದ್ದೆ, ಅದರ ಅರ್ಥ ಅವತ್ತು ತಿಳಿಯಿತು.

"ಖರೇ ಸಂಗತಿ ಹೇಳಿಬಿಡ್ಲೇನು ಅವರಿಗೆ?" ಎಂದು ಕಾಕಾ ಕೇಳಿದರು.

ಹೇಳಿರಿ ಅನ್ನಬೇಕಿತ್ತು. ನನ್ನ ಬಾಯಿಂದ ಬರಲಿಲ್ಲ. ಸಾಧು ಎಂದು ನಂಬಿದವರಿಗೆ ಇವನೊಬ್ಬ ಹಳ್ಳಿಮುಕ್ಕ ಎಂದು ಯಾವ ಮುಖದಿಂದ ಹೇಳಿಸಲಿ? "ಈಗ ಬ್ಯಾಡ ಕಾಕಾ. ನಾಳಿಂದ ನಾನ ಸರಿ ಮಾಡ್ತೀನಿ," ಅಂದೆ.

ಪರದೆಯ ಹೊರಗೆ

ಮರುದಿನ ನಾನು ಒಳಗೆ ಹೋಗಲೇ ಇಲ್ಲ. ಓಣಿಯಲ್ಲಿ ಗೋಡೆಗೆ ಒತ್ತಿ ನಿಂತೆ. ಹಿಮ ಬೀಳಲಿಕ್ಕೆ ಹತ್ತಿತ್ತು, ಅರಳಿದ ಹತ್ತಿ ಗಾಳಿಗೆ ಹಾರಿದ ಹಾಗೆ. ಮೊದಲು ಮುದುಕ ಉಣ್ಣಲಿ, ಉಳಿದರೆ ನನ್ನದು ಎಂದು ಪಕ್ಕಾ ಮಾಡಿಕೊಂಡಿದ್ದೆ. ಕೂಲಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು, ಬಾಯಿ ಒರೆಸಿಕೊಳ್ಳುತ್ತಾ ಬಂದರು. ಮುದುಕ ಬಂದ. ಅದೇ ಹೊತ್ತಿಗೆ ಒಬ್ಬ ಎದ್ದ. ಸ್ಟೂಲು ಖಾಲಿ ಆಯಿತು.

ನಾನು ಪರದೆ ಎತ್ತಿ ಹಿಡಿದು, ಒಳಗೆ ನಡೆಯಿರಿ ಎಂದು ಕೈ ಮಾಡಿದೆ. ಮುದುಕ ಬೆಚ್ಚಿ ಹಿಂದೆ ಸರಿದ. ನಡು ಬಗ್ಗಿಸಿ, ಎರಡೂ ಕೈ ಚಾಚಿ ನನಗೇ ದಾರಿ ತೋರಿಸಿದ. ನಾನು ತಲೆ ಅಲ್ಲಾಡಿಸಿದೆ. ಅವನೂ ಅಲ್ಲಾಡಿಸಿದ. ನಾನು ಕೈಮುಗಿದೆ. ಅವನು ಇನ್ನೂ ಕೆಳಗೆ ಬಗ್ಗಿದ. "ನೀವು ಮೊದಲ ಹೋಗ್ರಿ ಯಜಮಾನ್ರ," ಎಂದು ನಾನು ಕನ್ನಡದಲ್ಲಿ ಅಂದೆ. ಅವನು ತನ್ನ ಮಾತಿನಲ್ಲಿ ಅದನ್ನೇ ಅಂದಿರಬೇಕು. ಅವನ ಟೊಪ್ಪಿಗೆಯ ಮೇಲೆ ಹಿಮ ಕೂತಿತು. ಒಳಗಿನ ಹೆಂಗಸು ಸೌಟು ಹಿಡಿದು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ನಾನು ಅವನ ತೋಳು ಹಿಡಿದು ಒಳಗೆ ದಬ್ಬಿಬಿಡಬೇಕಿತ್ತು, ಹಡಗಿನಲ್ಲಿ ಆ ಪಂಜಾಬಿಯನ್ನು ಎಳೆದ ಹಾಗೆ. ಹಿರಿಯನ ಮೈ ಮುಟ್ಟಲು ಕೈ ಏಳಲಿಲ್ಲ.

ಭೋಂಗಾ ಕೂಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಹಾಗಾಯಿತು. ಮುದುಕ ಕೊನೆಯ ಸಲ ಬಗ್ಗಿ, ಗೇಟಿನ ಕಡೆ ಹೋದ. ಇಷ್ಟು ದಿನ ಗೊತ್ತಿಲ್ಲದೆ ಅವನ ಊಟ ತಪ್ಪಿಸಿದ್ದೆ. ಅವತ್ತು ಗೊತ್ತಿದ್ದೂ ತಪ್ಪಿಸಿದೆ. ಒಳಗೆ ಹೋಗಿ ನಾನೂ ಉಣ್ಣಲಿಲ್ಲ.

ರಾತ್ರಿ ಖಾನಾವಳಿಯಲ್ಲಿ ಕಾಕಾ ಕೇಳಿದರು, "ಸರಿ ಮಾಡಿದೇನು?" ನಾನು ರೊಟ್ಟಿ ಮುರಿಯುತ್ತಾ ಹೂಂ ಅಂದೆ.

ಗೇಟಿನ ಮುಂದೆ

ಅದರ ಮರುದಿನವೇ ನನ್ನ ಹಡಗು. ಉಗ್ರಾಣದವರಿಗೆಲ್ಲ ಹೇಳಿ ಹೊರಡುವುದಷ್ಟೇ ಉಳಿದಿತ್ತು. ಮಧ್ಯಾಹ್ನ ಅಂಗಡಿಗೆ ಹೋಗಿ, ಬಟ್ಟಲು ತೋರಿಸಿ, ಗೇಟಿನ ಕಡೆ ಕೈ ಮಾಡಿ, ಟೊಪ್ಪಿಗೆ ತೆಗೆದು ಬಾಗುವವನ ಅಣಕ ಮಾಡಿ ತೋರಿಸಿದೆ. ಮುದುಕನಿಗೆ ಎಂದು ಆಕೆಗೆ ತಿಳಿಯಿತು. ಆಕೆಯ ಮುಖ ಅರಳಿದ ಚಂದ ಏನು ಹೇಳಲಿ. ಎಲ್ಲರಿಗಿಂತ ದೊಡ್ಡ ಬಟ್ಟಲು ತೆಗೆದಳು. ಶಾವಿಗೆ ತುಂಬಿದಳು, ಅದರ ಮೇಲೆ ಕೋಳಿಯ ದೊಡ್ಡ ತುಂಡು, ಒಂದು ತತ್ತಿ ಒಡೆದು ಹಾಕಿದಳು. ಮುಚ್ಚಳ ಮುಚ್ಚಿ, ಅರಿವೆಯಲ್ಲಿ ಕಟ್ಟಿ, ಚೆಲ್ಲೀತು ಜೋಕೆ ಎಂದು ಸನ್ನೆ ಮಾಡಿ ಕೊಟ್ಟಳು. ಆಕೆಯೂ ಇಷ್ಟು ದಿನ ಆ ಮುದುಕನಿಗಾಗಿ ಒಳಗೇ ಮರುಗಿದ್ದಳು ಎಂದು ಆ ಕೈಯ ಧಾರಾಳದಿಂದ ತಿಳಿಯಿತು.

ಬಟ್ಟಲನ್ನು ಎದೆಗೆ ಅವಚಿಕೊಂಡು ಗೇಟಿಗೆ ಬಂದೆ. ಮುದುಕ ಹಲಗೆಯ ಹಿಂದೆ ಇದ್ದ. ಗಂಟು ಬಿಚ್ಚಿ, ಮುಚ್ಚಳ ತೆಗೆದು ಅವನ ಮುಂದೆ ಇಟ್ಟೆ. ಹಬೆ ಅವನ ಮುಖಕ್ಕೆ ಬಡಿಯಿತು. ಒಂದು ಗಳಿಗೆ ಅವನು ಕಣ್ಣು ಮುಚ್ಚಿದ. ಗಂಟಲು ಏರಿ ಇಳಿದದ್ದು ನನಗೆ ಕಂಡಿತು.

ಕಣ್ಣು ತೆರೆದವನು ಟೊಪ್ಪಿಗೆಯ ಮೇಲಿನ ಬಿಲ್ಲೆ ಮುಟ್ಟಿ ತೋರಿಸಿದ. ಗೇಟು ತೋರಿಸಿದ. ಕೈ ಬಾಯಿಯ ತನಕ ಒಯ್ದು, ಇಲ್ಲ ಎಂದು ಅಲ್ಲಾಡಿಸಿದ. ನೌಕರಿಯ ಮೇಲೆ ನಿಂತಾಗ ತಿನ್ನುವ ಹಾಗಿಲ್ಲ. ಇದು ಯಾರಿಗೆ ಗೊತ್ತಾಗದ ಮಾತು? ಹಿಗ್ಗಿನಲ್ಲಿ ಆ ಹೆಂಗಸಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಾಕಾನನ್ನು ಕೇಳಿದ್ದರೆ ಹೇಳುತ್ತಿದ್ದರು. ನಾಚಿಕೆಗೆ ಕೇಳಿರಲಿಲ್ಲ.

ಬಿಟ್ಟು ಹೋದರೆ ಪಾಳಿಯ ಹೊತ್ತಿಗೆ ಉಂಡಾನು ಎಂದು ಬಟ್ಟಲನ್ನು ಅವನ ಕಡೆ ಸರಿಸಿದೆ. ಅವನು ನನ್ನ ಕಡೆ ಸರಿಸಿದ. ಆಗ ಉಗ್ರಾಣದ ಒಳಗಿನಿಂದ ಯಾರೋ ಅಧಿಕಾರಿ ಜೋರಾಗಿ ಏನೋ ಕೇಳಿದ. ಮುದುಕ ನೆಟ್ಟಗೆ ನಿಂತು ಉತ್ತರ ಕೊಟ್ಟ. ಅವನ ದನಿ ನಡುಗಿತು. ನಾನು ಇನ್ನು ಸ್ವಲ್ಪ ಹೊತ್ತು ಅಲ್ಲಿ ಬಟ್ಟಲು ಇಟ್ಟುಕೊಂಡು ನಿಂತರೆ ಅವನ ಅನ್ನವೂ ಹೋಗುತ್ತದೆ, ನೌಕರಿಯೂ ಹೋಗುತ್ತದೆ. ಬಟ್ಟಲನ್ನು ಎತ್ತಿಕೊಂಡೆ.

ಮುದುಕ ನನ್ನ ಕೈಯ ಬಟ್ಟಲಿನೊಳಗೆ ಇಣುಕಿದ. ಶಾವಿಗೆ ಸಾರು ಹೀರಿ ಉಬ್ಬಲಿಕ್ಕೆ ಹತ್ತಿತ್ತು. ತಡ ಮಾಡಿದರೆ ಕೆಡುತ್ತದೆ, ನೀವು ಉಣ್ಣಿರಿ ಎಂದು ಸನ್ನೆ ಮಾಡಿದ. ನಾನು ಒಲ್ಲೆ ಅಂದೆ. ಉಣ್ಣಿರಿ ಉಣ್ಣಿರಿ ಎಂದು ಮತ್ತೆ ಮತ್ತೆ ಕೈ ಮಾಡಿದ, ನಮ್ಮ ಬೀಗರು ಒತ್ತಾಯ ಮಾಡಿದ ಹಾಗೆ. ಆ ದೇಶದಲ್ಲಿ ಕಾಲಿಟ್ಟಾಗಿನಿಂದ ಉಣ್ಣು ಎಂದು ನನಗೆ ಇಷ್ಟು ಒತ್ತಾಯ ಮಾಡಿದವರು ಇನ್ನೊಬ್ಬರಿಲ್ಲ. ನಾನಿನ್ನೂ ನಿಂತೇ ಇದ್ದೆ. ನೋಡುತ್ತಿದ್ದರೆ ನನಗೆ ಸಂಕೋಚವಾಗುತ್ತದೆ ಎಂದು ಅವನಿಗೆ ಅನಿಸಿರಬೇಕು. ಟೊಪ್ಪಿಗೆ ಸರಿ ಮಾಡಿಕೊಂಡು, ನನಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ನಿಂತ.

ಚೆಲ್ಲಲು ಕೈ ಬರಲಿಲ್ಲ. ಅನ್ನ ಚೆಲ್ಲುವ ಮನೆಯಲ್ಲಿ ಬೆಳೆದವನಲ್ಲ ನಾನು. ಗೇಟಿನ ಮುಂದೆ ನಿಂತು, ಹಸಿದವನ ಬೆನ್ನ ಹಿಂದೆ, ಅವನ ಪಾಲಿನದನ್ನು ನಾನು ಉಂಡೆ. ಕೋಳಿಯ ತುಂಡನ್ನೂ ಉಂಡೆ, ತತ್ತಿಯನ್ನೂ ಉಂಡೆ. ಸಪ್ಪಳ ಮಾಡಬಾರದೆಂದು ಎಷ್ಟು ಹತ್ತಿಕ್ಕಿದರೂ ಶಾವಿಗೆ ಸೊರ್ ಅಂದಿತು. ಮುದುಕನ ಭುಜ ಅಲುಗಲಿಲ್ಲ. ಮುಗಿದ ಮೇಲೂ ಅವನು ತಿರುಗಲಿಲ್ಲ. ನನ್ನ ಧ್ಯಾನಕ್ಕೆ ಹೊತ್ತು ಬಿಟ್ಟು ನಿಂತಿದ್ದ. ನಾನು ಅವನ ಬೆನ್ನಿಗೆ ಕೈಮುಗಿದು ಹೊರಟೆ.

ಬಟ್ಟಲು ಹಿಂದಿರುಗಿಸಲು ಅಂಗಡಿಗೆ ಹೋದೆ. ಪರದೆ ಸರಿಸಿದ ಕೂಡಲೆ ಆಕೆ ಹಂಡೆಯ ಹಿಂದಿನಿಂದ ಓಡಿ ಬಂದಳು. ಬಟ್ಟಲು ಇಸಿದುಕೊಂಡು ಒಳಗೆ ನೋಡಿದಳು. ಒಂದು ಎಳೆಯೂ ಉಳಿದಿರಲಿಲ್ಲ. ಆಕೆಯ ಕಣ್ಣು ತುಂಬಿ ಬಂದವು. ಸಾಲಾಗಿ ಕೂತು ಉಣ್ಣುತ್ತಿದ್ದವರಿಗೆ ಆ ಬರಿದಾದ ಬಟ್ಟಲು ಎತ್ತಿ ತೋರಿಸಿ, ಗೇಟಿನ ಕಡೆ ಕೈ ಮಾಡಿ ಏನೋ ಹೇಳಿದಳು. ಗೋಡೆ ನೋಡುತ್ತಾ ಉಣ್ಣುವ ಆ ಮಂದಿ ಮೊದಲ ಸಲ ಹೊರಳಿ ನನ್ನನ್ನು ನೋಡಿದರು. ಒಬ್ಬೊಬ್ಬರಾಗಿ ತಲೆ ಬಾಗಿಸಿದರು. ಉಂಡವನು ನಾನು ಎಂದು ಹೇಳಲು ನನಗೆ ಅವರ ಭಾಷೆ ಬರುತ್ತಿರಲಿಲ್ಲ. ಎದೆ ಮುಟ್ಟಿ, ಬಾಯಿ ಮುಟ್ಟಿ ತೋರಿಸಬಹುದಿತ್ತು, ಅಷ್ಟಕ್ಕೆ ಭಾಷೆ ಬೇಕಿರಲಿಲ್ಲ. ನಾನೂ ಅವರಿಗೆ ತಲೆ ಬಾಗಿಸಿದೆ.